ತಪ್ಪು ಯಾರದು ಎಂದು ಕೇಳಿದ ಡಬ್ಬಿ

ಮೊಯ್ದೀನ್ ಬ್ಯಾರಿಯ ಅಂಗಡಿಯಿಂದ ಬೆಲ್ಲ ಕಟ್ಟಿಕೊಂಡು ಬಂದ ಹಳೆಯ ವಾರಪತ್ರಿಕೆಯ ಹಾಳೆಯಲ್ಲಿ ಇಬ್ಬರು ತಾಯಂದಿರ ಚಿತ್ರವಿತ್ತು. ಒಬ್ಬಳು ಸೊರಗಿದ ಮಗುವಿನ ಪಕ್ಕದಲ್ಲಿ ತಲೆಗೆ ಕೈಹೊತ್ತು ಕೂತಿದ್ದಳು. ಇನ್ನೊಬ್ಬಳ ಮಗಳು ಗುಂಡುಗುಂಡಗೆ ಇದ್ದು, ಓಟದಲ್ಲಿ ಗೆದ್ದ ಬೆಳ್ಳಿಯ ಕಪ್ಪು ಹಿಡಿದಿದ್ದಳು. ಕೆಳಗೆ ಮಾಲ್ಟ್ ಪುಡಿಯ ಡಬ್ಬಿ. ಪತ್ರ ಬರೆದವರಿಗೆ ಮಾದರಿ ಡಬ್ಬಿ ಉಚಿತವಂತೆ. ಅದು ಐವತ್ತೆಂಟನೆಯ ಇಸವಿ. ಬೆಳ್ತಂಗಡಿಯಲ್ಲಿ ನಾಲ್ಕನೇ ತರಗತಿ ಓದುತ್ತಿದ್ದ ಸರಸಳ ಕಣ್ಣು ಆ ಕಪ್ಪಿನ ಮೇಲೆ ಬಿತ್ತು. ಓಟದಲ್ಲಿ ಸದಾ ಕೊನೆಗೆ ಬರುವವಳಿಗೆ ಮದ್ದು ಇಷ್ಟು ಸುಲಭದಲ್ಲಿ ಸಿಕ್ಕಿದರೆ ಬಿಡುತ್ತಾಳೆಯೇ?

ತಾಯಿ ನೀಲಾವತಿಗೆ ಓದು ಬಾರದು, ಮಗಳಿಂದ ಓದಿಸಿಕೊಂಡಳು. "ನಿಮ್ಮ ಮಗು ಸೊರಗಿದೆಯೇ? ತಪ್ಪು ಯಾರದು?" ಎಂಬಲ್ಲಿಗೆ ಬರುವಾಗ ಅವಳಿಗೆ ಸಿಟ್ಟು ಮೂಗಿನ ತುದಿಗೆ ಬಂತು. ಮನೆಯಲ್ಲಿ ಆಡುವುದು ತುಳು. ಅಚ್ಚಾದ ಕನ್ನಡದಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ಅದು ತಾಲೂಕು ಕಚೇರಿಯ ನೋಟೀಸಿನ ಹಾಗೆ, ಉತ್ತರ ಕೊಡದಿದ್ದರೆ ತಪ್ಪು ಒಪ್ಪಿಕೊಂಡಂತೆ ಎಂದೇ ಅವಳ ತಿಳುವಳಿಕೆ. ಕೂಡಲೇ ಕಾರ್ಡು ತರಿಸಿ ತುಳುವಿನಲ್ಲಿ ಹೇಳುತ್ತಾ ಹೋದಳು: ನಮ್ಮಲ್ಲಿ ಮೂರು ಹೊತ್ತೂ ಕುಚ್ಚಲಕ್ಕಿ ಗಂಜಿ ಉಂಟು, ಮೀನುಂಟು, ಕರೆಯುವ ಎಮ್ಮೆ ಉಂಟು, ಮಗಳಿಗೆ ಏನೂ ಕೊರತೆಯಿಲ್ಲ, ನಿಮ್ಮ ಪುಡಿ ನೀವೇ ಕುಡಿಯಿರಿ.

ಸರಸ ತಲೆ ತಗ್ಗಿಸಿ ಕನ್ನಡದಲ್ಲಿ ಬರೆದಳು. ಬರೆದದ್ದು ಬೇರೆಯೇ: ಒಂದು ಹೊತ್ತಿನ ಗಂಜಿಗೂ ತತ್ವಾರ, ಮಗಳು ಎಲುಬಿನ ಗೂಡಾಗಿದ್ದಾಳೆ, ದಯಮಾಡಿ ಡಬ್ಬಿ ಕಳುಹಿಸಿ. ಕೆಳಗೆ ನೀಲಾವತಿ ಠೀವಿಯಿಂದ ಹೆಬ್ಬೆಟ್ಟು ಒತ್ತಿದಳು.

ತಿಂಗಳು ಕಳೆದು ಡಬ್ಬಿ ಬಂತು. ಜೊತೆಗೆ ಕಾಗದವೂ ಬರಬಹುದೆಂದು ಸರಸ ಎಣಿಸಿರಲಿಲ್ಲ. ಪೋಸ್ಟ್‌ಮ್ಯಾನ್ ಮುಂಡಪ್ಪನಾದರೋ ಓದು ಬಾರದವರ ಮನೆಯಲ್ಲಿ ಕಾಗದ ಓದಿ, ತುಳುವಿನಲ್ಲಿ ಅರ್ಥ ಹೇಳದೆ ಮೆಟ್ಟಿಲಿಳಿಯುವವನಲ್ಲ. ತಾನೇ ಓದುತ್ತೇನೆಂದು ಅವಳು ಕೈ ಚಾಚಿದರೆ, ಮಕ್ಕಳು ಕಂಪೆನಿಯ ಕಾಗದ ಮುಟ್ಟಬಾರದು ಎಂದುಬಿಟ್ಟ. ಜಗಲಿಯಲ್ಲಿ ಕೂತು ಗಂಟಲು ಸರಿಮಾಡಿ ಓದಿದ. ಗಂಜಿಗೂ ಗತಿಯಿಲ್ಲದ ಈ ಮನೆಯ ಸಂಗತಿ ತಿಳಿದು ಕಂಪೆನಿಗೆ ಬಹಳ ವ್ಯಥೆಯಾಯಿತಂತೆ. ಬೇಲಿಯಾಚೆ ಬಟ್ಟೆ ಹಿಂಡುತ್ತಿದ್ದ ನೆರೆಮನೆಯ ರಾಜೀವಿಯ ಕೈ ನಿಂತಿತು.

ನೀಲಾವತಿಯ ಮುಖ ಇಷ್ಟೇ ಇಷ್ಟಾಯಿತು. ಎರಡು ಬಾರಿಸಿದ್ದರೂ ಸರಸಳಿಗೆ ಸಮಾಧಾನವಾಗುತ್ತಿತ್ತು. ತಾಯಿ ಕೈ ಎತ್ತಲಿಲ್ಲ.

"ನಿನ್ನನ್ನು ನಾನು ಒಂದು ದಿನವಾದರೂ ಹಸಿವಿನಲ್ಲಿ ಮಲಗಿಸಿದ್ದುಂಟಾ?" ಎಂದು ಮೆಲ್ಲಗೆ ಕೇಳಿದಳು.

ಸರಸಳಿಗೆ ನಾಚಿಕೆಯಿಂದ ಅಳು ಬಂತು. ಡಬ್ಬಿಯೊಂದೇ ಕಣ್ಣಿಗೆ ಕಂಡಿತ್ತು. ಅಮ್ಮನಿಗೆ ನೋವಾದೀತೆಂದು ಹೊಳೆದೇ ಇರಲಿಲ್ಲ.

ನೀಲಾವತಿ ಒಳಗಿನಿಂದ ಬಟ್ಟಲು ತಂದಳು. "ಮುಂಡಪ್ಪಣ್ಣ, ಸ್ವಲ್ಪ ಕೂತುಕೊಳ್ಳಿ. ಇವಳು ಉಣ್ಣುವುದನ್ನು ನೋಡಿಯೇ ಹೋಗಿ. ರಾಜೀವಿ, ನೀನೂ ಬಾ."

ಮಧ್ಯಾಹ್ನದ ಊಟ ಮುಗಿದು ಅರ್ಧ ಗಂಟೆಯೂ ಆಗಿರಲಿಲ್ಲ. ಗಂಜಿ ಬಂತು, ಮೀನಿನ ಸಾರು ಬಂತು, ಬಟ್ಟಲಿನ ತಳ ಕಾಣುವ ಮೊದಲೇ ಇನ್ನೊಂದು ಸೌಟು ಬಂತು. ಮುಂಡಪ್ಪ ಕೋರ್ಟಿನ ಸಾಕ್ಷಿಯ ಹಾಗೆ ನೆಟ್ಟಗೆ ಕೂತಿದ್ದ. ಹೊಟ್ಟೆ ಬಿರಿಯುವಂತಾಗಿ ಸರಸ ತಲೆಯೆತ್ತಿದಳು. ತಾಯಿಯ ಕಣ್ಣು ಒದ್ದೆಯಾಗಿತ್ತು, ಕೈಯಲ್ಲಿ ಸೌಟು ತುಂಬಿತ್ತು. ಸರಸ ಬಟ್ಟಲನ್ನು ಮತ್ತೆ ಮುಂದೆ ಒಡ್ಡಿದಳು.