ಅಸ್ತು ಅನ್ನುವವರು

ಒಗ್ಗರಣೆಗೆ ಇಂಗು ಜಾಸ್ತಿ ಬಿತ್ತು, ಕೆಳಗಿನ ಅಡುಗೆಮನೆಯಿಂದ ಮೆಟ್ಟಿಲು ಹತ್ತಿ ಬಂದ ವಾಸನೆಯಲ್ಲೇ ತಿಳಿಯುತ್ತದೆ, ಒಬ್ಬರೇ ಇರುವವರ ಕೈಯಳತೆ ಹಾಗೆಯೇ, ಇನ್ನೊಬ್ಬರು ಬಂದರೆ ಎಲ್ಲವೂ ಒಂದು ಚಿಟಿಕೆ ಹೆಚ್ಚು — ಭವಾನಿ ಪೆನ್ನಿನ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು. ಅವಲಕ್ಕಿ ಮಾಡ್ತೀನಿ ಭವಾನಕ್ಕ, ನೀವು ಇಲ್ಲಿ ಕೂತು ಬರೀರಿ, ಬರೀದೆ ಇಳಿದು ಬಂದ್ರೆ ಅವಲಕ್ಕಿ ಇಲ್ಲ, ಎಂದು ನಗುತ್ತಾ ಬಾಗಿಲು ಎಳೆದುಕೊಂಡು ಹೋದ ತನುಜಾ ಮೇಡಂ, ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ಇವಳಿಗಿಂತ ಚಿಕ್ಕವರೇ, ಆದರೂ ಅವರ ಮುಂದೆ ಕೂತರೆ ಮಗ್ಗಿ ಮರೆತ ಹುಡುಗಿಯ ಹಾಗೆ ಅಂಗೈ ಬೆವರುತ್ತದೆ, ಈ ವಯಸ್ಸಿನಲ್ಲಿ ಕಾದಂಬರಿ ಬರೆಯುವ ಚಪಲ ಯಾಕೆ ಬೇಕಿತ್ತು. ಕಿಟಕಿಯಾಚೆ ಸವಳಂಗ ರಸ್ತೆಯಲ್ಲಿ ಬಸ್ಸೊಂದು ಹಾರನ್ ಒತ್ತಿಕೊಂಡೇ ಹೋಗುತ್ತಿದೆ, ಎದುರಿನ ಔಷಧಿ ಅಂಗಡಿಯ ಬೋರ್ಡಿನ ಮೇಲೆ ಬಿಸಿಲು ಅರ್ಧ ಇಳಿದಿದೆ, ಅದು ಪೂರಾ ಇಳಿಯುವುದರೊಳಗೆ ಬರೆದು ಎದ್ದುಬಿಡಬೇಕು, ಮುಸ್ಸಂಜೆಯಲ್ಲಿ ಅಂಥದ್ದನ್ನು ಬರೆಯಬಾರದು, ಬಾಯಲ್ಲಿ ಅನ್ನಲೂ ಬಾರದು, ಆ ಹೊತ್ತಿಗೆ ಅಸ್ತು ದೇವತೆಗಳು ಮನೆಮನೆಯ ಮೇಲೆ ತಿರುಗುತ್ತಿರುತ್ತಾರೆ, ಯಾರು ಏನು ಅಂದರೂ ಅಸ್ತು, ಹಾಗೇ ಆಗಲಿ, ಎಂದು ಮುಂದಕ್ಕೆ ಹೋಗಿಬಿಡುತ್ತಾರೆ, ಒಳ್ಳೆಯದೋ ಕೆಟ್ಟದ್ದೋ ಅವರು ನಿಂತು ನೋಡುವುದಿಲ್ಲ — ಅಜ್ಜಿ ಹೇಳಿದ್ದು, ಅಮ್ಮ ಹೇಳಿದ್ದು, ಇವಳು ತನ್ನ ಮಗಳು ಶರಾವತಿಗೆ ಹೇಳಿ ಹೇಳಿ ಬೈಸಿಕೊಂಡದ್ದು.

ಬೆಳಿಗ್ಗೆ ಭದ್ರಾವತಿಯಿಂದ ಬರುವಾಗ ಹಸ್ತಪ್ರತಿಯನ್ನು ಬಟ್ಟೆಯ ಚೀಲದಲ್ಲಿಟ್ಟು ಮಡಿಲಲ್ಲಿ ಹಿಡಿದುಕೊಂಡಿದ್ದಳು, ಕಂಡಕ್ಟರ್ ನೋಡಿ, ಅಮ್ಮ, ಅದು ದೇವರ ಪೆಟ್ಟಿಗೆಯಾ, ಹಂಗೆ ಹಿಡ್ಕೊಂಡಿದ್ದೀರಿ, ಅಂದಿದ್ದ. ಇರಬಹುದು. ಯಜಮಾನರು ಹೋದ ಮೇಲೆ, ಅಲ್ಲ, ದೇವರ ಪಾದ ಸೇರಿದ ಮೇಲೆ, ಒಂದು ವರ್ಷ, ಜನ್ನಾಪುರದ ಮನೆಯಲ್ಲಿ ಪೂಜೆ ಮುಗಿಸಿ ತುಳಸಿಗೆ ನೀರು ಹಾಕಿ ಬಂದು ಕೂತು ಬರೆದದ್ದು, ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುವ ಒಬ್ಬ ಮೇಷ್ಟ್ರ ಕಥೆ, ಹೆಸರು ಬೇರೆ, ಊರು ಬೇರೆ, ಆದರೆ ಪಂಚೆಯ ತುದಿಯಿಂದ ಕನ್ನಡಕ ಒರೆಸುವುದು ಅವರದ್ದೇ, ಸಾರಿಗೆ ಉಪ್ಪು ಕಡಿಮೆಯಾದರೆ ಶ್ಲೋಕದಲ್ಲೇ ದೂರು ಹೇಳುವುದು ಅವರದ್ದೇ. ತನುಜಾ ಮೇಡಂ ಓದಿದ್ದಾರೆ. ಪ್ರತಿ ಪುಟದ ಅಂಚಿನಲ್ಲೂ ಪೆನ್ಸಿಲಿನ ಗುರುತು. ಚೆನ್ನಾಗಿದೆ ಭವಾನಕ್ಕ, ಪ್ರಕಾಶಕರ ಹತ್ರ ನಾನೇ ಮಾತಾಡ್ತೀನಿ, ಆದ್ರೆ ಒಂದು ಮಾತು, ಇಡೀ ಪುಸ್ತಕದಲ್ಲಿ ಒಂದು ದೀಪಾನೂ ಆರಲ್ವಲ್ಲ, ಬರೀ ಶಾಂತವಾಗುತ್ತೆ, ಡಬ್ಬೀಲಿ ಅಕ್ಕಿ ಮುಗಿಯಲ್ಲ, ಹೆಚ್ಚುತ್ತೆ, ಯಾರಿಗೂ ಒಂದು ಕೆಮ್ಮೂ ಬರಲ್ಲ, ಇದು ಕಾದಂಬರಿಯೋ ಆರತಿ ಹಾಡೋ ಮಾರಾಯ್ತಿ? ಇವಳೂ ನಕ್ಕಳು, ನಗದೆ ಏನು ಮಾಡುವುದು. ಆಮೇಲೆ ಅವರು ಆ ಪುಟ ತೆರೆದರು. ಅಲ್ಲಿ ಒಂದೇ ಒಂದು ಸಾಲು, ಮೇಷ್ಟ್ರು ದೇವರ ಪಾದ ಸೇರಿದರು, ಮುಂದಿನ ಸಾಲಿನಲ್ಲಿ ವೈಕುಂಠ ಸಮಾರಾಧನೆ. ನೋಡಿ ಭವಾನಕ್ಕ, ಇಷ್ಟು ಪುಟ ಓದಿ ಆ ಮನುಷ್ಯನ್ನ ಹಚ್ಕೊಂಡುಬಿಟ್ಟಿದ್ದೆ, ಅವರು ಸಾಯೋ ಹೊತ್ತಿಗೆ ನನ್ನ ಬಾಗಿಲಾಚೆ ನಿಲ್ಲಿಸಿ ಚಿಲಕ ಹಾಕ್ಕೊಂಡ್ರಲ್ಲ ನೀವು. ಇದನ್ನ ಬರೀದೆ ಪುಸ್ತಕ ಇಲ್ಲ. ಸಾಯೋ ಹೊತ್ತು ಎಂದು ಎಷ್ಟು ಸಲೀಸಾಗಿ ಅಂದರು, ಹೊಸ್ತಿಲ ಮೇಲೆ ಸೀನಿದ ಹಾಗೆ.

ಹೇಳಲೇಬೇಕಾಯಿತು ಆಗ. ಮಗಳು ಮನೆಯಲ್ಲಿದ್ದಾಳೆ ಮೇಡಂ, ಏಳು ತಿಂಗಳು, ಮೊದಲನೆಯದು ನಿಲ್ಲಲಿಲ್ಲ, ಬಸುರಿ ಇರೋ ಮನೇಲಿ ಕೂತು ಅಂಥದ್ದನ್ನ ಹೇಗೆ ಬರೀಲಿ, ಬರೆದದ್ದೂ ಆಡಿದ ಹಾಗೇ ಅಲ್ವೇ. ಓದಿದವರು, ನಗುತ್ತಾರೆ ಅಂದುಕೊಂಡಿದ್ದಳು. ನಗಲಿಲ್ಲ. ಹಾಗಾದ್ರೆ ನಮ್ಮನೇಲಿ ಬರೀರಿ, ಅಂದರು. ಮೇಲಿನ ಕೋಣೆ ಖಾಲಿ ಇದೆ. ಅಸ್ತು ಅಂದ್ರೂ ನಿಮ್ಮ ದೇವತೆಗಳು ಈ ಮನೆಯವಳಿಗೆ ಅಂತಾರೆ, ನನಗೇನು, ಹಿಂದಿಲ್ಲ ಮುಂದಿಲ್ಲ. ಅಯ್ಯೋ ಬಿಡ್ತು ಅನ್ನಿ, ಮೇಡಂ, ಬಿಡ್ತು ಅನ್ನಿ! ಬಿಡ್ತು ಬಿಡ್ತು, ಆಯ್ತಾ, ಹತ್ತಿ ಮೇಲೆ. ಹೀಗೆ ಹತ್ತಿಸಿದರು. ಈಗ ಅವರ ಮೇಜು, ಅವರ ಕುರ್ಚಿ, ಅವರ ಹಾಳೆ, ಕೆಳಗೆ ಅವರು ಬಾಣಲೆಗೆ ಸೌಟು ಬಡಿಯುವ ಸದ್ದು, ಪಾಪ, ಇವಳ ಪಾಲಿನ ಕೆಟ್ಟ ಮಾತಿಗೆ ತಮ್ಮ ತಲೆ ಕೊಟ್ಟು ಅವಲಕ್ಕಿ ಕಲೆಸುತ್ತಿದ್ದಾರೆ, ಅವರಿಗೆ ಏನಾದರೂ ಆದರೆ, ಛೆ, ಬಿಡ್ತು, ಇನ್ನೊಬ್ಬರ ಸೂರಿನ ಕೆಳಗೆ ಕೂತು — ಬರಿ. ಬರಿ ಭವಾನಿ. ಆ ದಿನ ಬೆಳಿಗ್ಗೆ ಮೇಷ್ಟ್ರಿಗೆ, ಎಂದು ಬರೆದು ನಿಲ್ಲಿಸಿದಳು, ಹೊಡೆದು ಹಾಕಿದಳು. ಬೆಳಿಗ್ಗೆಯೇ. ಹಾಲಿನವನು ಆಗಷ್ಟೇ ಹೋಗಿದ್ದ. ಆಸ್ಪತ್ರೆಯವರು ಇನ್ನು ಮನೆಗೇ ಕರ್ಕೊಂಡು ಹೋಗಿ ಎಂದ ಮೇಲೆ ನಡುಮನೆಯಲ್ಲಿ ಯಜಮಾನರಿಗೆ ಮಂಚ ಹಾಕಿಸಿದ್ದಳು, ದೇವರ ಮನೆಯ ದೀಪ ಮಲಗಿದಲ್ಲಿಂದಲೇ ಕಾಣಲಿ ಎಂದು, ಅವರು ಮಾತ್ರ ದೀಪದ ಕಡೆ ನೋಡಲಿಲ್ಲ, ಇವಳ ಮುಖವನ್ನೇ ನೋಡಿದರು, ಮುಂಗೈ ಹಿಡಿದದ್ದು ಎಷ್ಟು ಬಿಗಿ ಎಂದರೆ ಬಳೆ ಒತ್ತಿ, ಆಮೇಲೆ ಉದ್ಧರಣೆಯಲ್ಲಿ ತೀರ್ಥ, ತುಳಸಿಯ ದಳ ಹಾಕಿದ ಆ ಪುಟ್ಟ ಚಮಚ, ಬೇಡ, ಅಲ್ಲಿಗೆ ಬೇಡ, ಅದರ ಹಿಂದಿನದ್ದನ್ನು ಬರೆದರೆ ಸಾಕು, ಹಾಲಿನವನನ್ನು ಬರೆದರೆ ಸಾಕು.

ಫೋನು ಮೇಜಿನ ಮೇಲೆ ಗುಂಯ್ಗುಟ್ಟಿತು, ಶರಾವತಿ, ಇನ್ನೂ ಬರೆದೇ ಇಲ್ಲವಲ್ಲ, ಬರೀ ನೆನೆದದ್ದಕ್ಕೇ — ಏನಾಯ್ತೇ, ಏನಾಯ್ತು, ಹೊಟ್ಟೆ ನೋವಾ? ಅಯ್ಯೋ ಏನೂ ಆಗಿಲ್ಲಮ್ಮ, ಅಕ್ಕಿ ಖಾಲಿ, ಬರ್ತಾ ತಗೊಂಡು ಬಾ. ಖಾಲಿ ಅನ್ಬೇಡ ಅಂತ ಎಷ್ಟು ಸಲ ಹೇಳ್ಲಿ, ಹೆಚ್ಚಿದೆ ಅನ್ನು. ಹೆಚ್ಚಿದ್ರೆ ಯಾಕಮ್ಮ ತರೋದು? ಮಗಳು ನಗುತ್ತಾಳೆ, ಒಳಗಿರೋದು ಬೆಳಗ್ಗಿಂದ ಒದೀತಾ ಇದೆ, ನಿನ್ನ ಹಾಗೆ ಅದಕ್ಕೂ ನಿಂತಲ್ಲಿ ನಿಲ್ಲಕ್ಕಾಗಲ್ಲ, ಅನ್ನುತ್ತಾಳೆ. ನಂತರ, ಮೇಡಂ ಏನಂದ್ರು? ಮೇಷ್ಟ್ರ ಕೊನೇ ದಿನ ಬರೀಬೇಕಂತೆ. ಆ ಕಡೆ ಮಿಕ್ಸಿಯೋ ಏನೋ ದೂರದಲ್ಲಿ ತಿರುಗಿ ನಿಂತಿತು. ಬರಿ ಅಮ್ಮ. ನಾನು ಬರೋ ಹೊತ್ತಿಗೆ ಅಪ್ಪಂಗೆ ಸ್ನಾನ ಮಾಡಿಸಿ ವಿಭೂತಿ ಹಚ್ಚಿ ಮಲಗಿಸಿಬಿಟ್ಟಿದ್ರಿ. ದೇವರ ಪಾದ ಸೇರಿದ್ರು ಅಂದ್ರು ಎಲ್ರೂ. ನನ್ನ ಕೇಳಿದ್ರಾ, ಏನಾದ್ರೂ ಅಂದ್ರಾ, ನೋವಿತ್ತಾ, ಒಬ್ಬರೂ ಹೇಳ್ಲಿಲ್ಲ, ನೀನೂ ಹೇಳ್ಲಿಲ್ಲ. ಮೊದ್ಲು ನಂಗೇ ಕೊಡು, ನಾನು ಓದ್ತೀನಿ. ಇಷ್ಟು ಹೇಳಿ ಅಕ್ಕಿ ಮರೀಬೇಡ ಎಂದು ಇಟ್ಟುಬಿಟ್ಟಳು. ಅವಳು ಓದುತ್ತಾಳೆ, ಹೊಟ್ಟೆಯೊಳಗಿನದನ್ನು ಹೊತ್ತುಕೊಂಡು ಅವಳು ಓದುತ್ತಾಳೆ, ಹಾಗಿದ್ದರೆ ಈ ಮನೆಯಲ್ಲಿ ಕೂತು ಬರೆದು ಏನು ಉಪಯೋಗವಾಯಿತು, ತನುಜಾ ಮೇಡಂ ಕೊಟ್ಟ ಆಸರೆ ಅಲ್ಲಿಗೆ ತೀರಿತು. ಬರೆಯದೆ ಹೋದರೆ? ಬರೆಯದೆ ಹೋದರೆ ಅವಳು ಕೇಳುತ್ತಲೇ ಇರುತ್ತಾಳೆ, ನನ್ನ ಕೇಳಿದ್ರಾ, ಮಗುವಿಗೆ ಎಣ್ಣೆ ಹಚ್ಚುವಾಗ ಕೇಳುತ್ತಾಳೆ, ತೊಟ್ಟಿಲು ತೂಗುವಾಗ ಕೇಳುತ್ತಾಳೆ, ಅಪ್ಪನಿಗೂ ಅವಳಿಗೂ ನಡುವೆ ಆ ಒಂದು ಸಾಲು, ದೇವರ ಪಾದ ಸೇರಿದರು, ಬಾಗಿಲಿಗೆ ಹಾಕಿದ ಚಿಲಕದ ಹಾಗೆ.

ಪಕ್ಕದ ಮನೆಯ ವಿಶಾಲಮ್ಮ ಅಂದಿದ್ದು, ಎಂಥ ಪುಣ್ಯವಂತರು ಭವಾನಿ, ನಾಮ ಹೇಳ್ತಾ ಹೇಳ್ತಾ ಹೋದರಂತೆ, ಯಾರು ಹೇಳಿದರೋ, ಸಂಸ್ಕೃತ ಮೇಷ್ಟ್ರು ಬೇರೆ ಹೇಗೆ ಹೋಗುತ್ತಾರೆ ಎಂದು ಊರೇ ಕಟ್ಟಿದ ಮಾತು, ಆತ್ಮಕ್ಕೆ ಸಾವಿಲ್ಲ ಎಂದು ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಬಾಯಿ. ಇವಳು ತಲೆ ಅಲ್ಲಾಡಿಸಿದ್ದಳು, ಹೌದೆಂದೋ ಅಲ್ಲವೆಂದೋ ಅವರೇ ತಿಳಿದುಕೊಳ್ಳಲಿ. ನಾಮ ಹೇಳಲಿಲ್ಲ. ಭವಾನೀ, ಹೆದರಿಕೆ ಆಗ್ತಿದೆ ಕಣೆ, ಕೈ ಬಿಡಬೇಡ, ಅಂದರು. ಅಷ್ಟೇ. ಶಾರಿ ಬಂದಳಾ, ಅಂದರು, ಶರಾವತಿ ಅವರ ಬಾಯಲ್ಲಿ ಯಾವಾಗಲೂ ಶಾರಿಯೇ, ಹೌದು, ಅದನ್ನೂ ಅಂದರು, ಮಗಳಿಗೆ ಯಾಕೆ ಹೇಳಲಿಲ್ಲ ಇದನ್ನು, ಇದರಲ್ಲಿ ಯಾವ ಅಮಂಗಳವಿತ್ತು. ಪೆನ್ನು ಹಾಳೆಗೆ ತಾಗಿತು. ಸ್ವಾಮೀ, ನಿನ್ನ ದೇವತೆಗಳನ್ನು ಒಂದು ಗಳಿಗೆ ಆ ಕಡೆ ಕಳಿಸು, ಇಲ್ಲವೇ ಇರಲಿ, ಕೇಳಿಸಿಕೊಳ್ಳಲಿ, ಅವರಿಗೆ ಅಸ್ತು ಅನ್ನಲೇಬೇಕಾದರೆ ಹೊಟ್ಟೆಯಲ್ಲಿರುವುದು ಒದೆಯಲಿ ಎಂದು ಮೊದಲು ಬರೆದುಬಿಡುತ್ತೇನೆ, ಎಂದು ಹಾಳೆಯ ತಲೆಯ ಮೇಲೆ ಸಣ್ಣದಾಗಿ, ಮಗು ಚೆನ್ನಾಗಿ ಒದೆಯಲಿ, ಎಂದು ಬರೆದಳು, ಅದರ ಕೆಳಗೆ, ಮೇಷ್ಟ್ರು ಹೆದರಿದ್ದರು, ಎಂದು ಬರೆದಳು, ಒತ್ತಕ್ಷರ ಜಾರಿತು, ಅದರ ಕೆಳಗೆ, ಮಗಳನ್ನು ಕೇಳಿದರು, ಅದರ ಕೆಳಗೆ, ಈ ಜನ್ಮದಲ್ಲಿ ಯಾವ ಮನುಷ್ಯರ ಬಗ್ಗೆಯೂ ಬರೆಯದ ಮಾತು, ಸತ್ತರು. ಮೇಷ್ಟ್ರು ಸತ್ತರು. ಕಿವಿಗೊಟ್ಟಳು. ಸೌಟಿನ ಸದ್ದಿಲ್ಲ, ಕೆಳಗೆ ಯಾಕೆ ಸದ್ದಿಲ್ಲ, ಮೇಡಂ, ಎಂದು ಕೂಗಬೇಕು — ಆಗ ಕೆಮ್ಮು, ಒಣಮೆಣಸಿನ ಘಾಟಿಗೆ ಬಂದ ಕೆಮ್ಮು, ಬದುಕಿರುವವರ ಕೆಮ್ಮು, ಭವಾನಕ್ಕಾ, ಆಯ್ತೇನ್ರೀ? ಇಲ್ಲ, ಇನ್ನೂ ಇಲ್ಲ. ಅದೊಂದು ಉಳಿದಿದೆ, ಆ ಪುಟ್ಟ ಚಮಚ. ಬಿಸಿಲು ಬೋರ್ಡಿನಿಂದ ಇಳಿದುಹೋಗಿದೆ, ಹೋಗಲಿ. ಕುಡೀರಿ, ಗಂಗೆ, ಎಂದು ಬಗ್ಗಿದ್ದಳು, ತುಟಿ ತೆರೆದೇ ಇತ್ತು, ಉದ್ಧರಣೆಯನ್ನು ಓರೆ ಮಾಡಿದಳು, ತೀರ್ಥ ತಗೊಂಡರು ಎಂದು ಎಲ್ಲರೂ ಅಂದರು, ತಗೊಳ್ಳಲಿಲ್ಲ, ಇಳಿಯಲಿಲ್ಲ, ಬಾಯಿಯಲ್ಲಿ ನೀರು ಹಾಗೆಯೇ ನಿಂತಿತು, ಅಲುಗಾಡದೆ, ಒಂದು ತುಳಸಿಯ ದಳ ತೇಲುತ್ತಾ, ಅದರ ಪಕ್ಕದಲ್ಲಿ ನಡುಮನೆಯ ಫ್ಯಾನು, ಕಾಸಿನಗಲದ್ದು, ಆ ನೀರಿನಲ್ಲಿ ಸುತ್ತುತ್ತಿತ್ತು, ಸುತ್ತುತ್ತಿದೆ, ಇಳಿಯದ ನೀರು, ಅದರಲ್ಲಿ ಫ್ಯಾನು.