ಕೇಳದೆ ಕೊಯ್ದದ್ದು

ಯರ್ರಮ್ಮ ಗಂಡನ ಕಿಬ್ಬೊಟ್ಟೆಗೆ ಸುತ್ತಿದ್ದ ಪಟ್ಟಿಯನ್ನು ಬಿಚ್ಚುತ್ತಿದ್ದಳು. ಹೆಣ ತೊಳೆಯಲು ನೀರು ಹಿಡಿದು ನಿಂತಿದ್ದ ಮೈದುನ ನಾಗೇಂದ್ರಪ್ಪ, ಅದೊಂದನ್ನು ಹಾಗೇ ಬಿಡಲು ಹೇಳಿದ. ಅವಳು ಬಿಡಲಿಲ್ಲ. ಹೊಕ್ಕುಳ ಕೆಳಗಿನ ಗಾಯ ಕೂಡಿಕೊಂಡೇ ಇರಲಿಲ್ಲ. ಕೀವು, ಮೂತ್ರ ಎರಡೂ ಅಲ್ಲಿಂದಲೇ ಒಸರಿ ಬಟ್ಟೆ ಮೈಗೆ ಅಂಟಿತ್ತು.

ಅಂಗಳದಲ್ಲಿ ಕೂತಿದ್ದ ಮುದುಕ ಗಾದ್ರಪ್ಪ, ಓಡಾಡಿಕೊಂಡಿದ್ದ ಮನುಷ್ಯನನ್ನು ಮೊಳಕಾಲ್ಮೂರು ದಾಟಿಸಿ ಆ ಆಸ್ಪತ್ರೆಗೆ ಯಾಕಾದರೂ ಒಯ್ದಿರೋ ಎಂದ. ನಾಗೇಂದ್ರಪ್ಪನಿಗೆ ಅದು ಚುಚ್ಚಿತು.

"ನಂದೇನೈತೆ ಇದ್ರಾಗೆ? ಆ ಬಿಳಿ ದೊರೆ ಡಾಕ್ಟರು ಮೊದ್ಲೇ ಹೇಳಿದ್ರು. ಈ ವಯಸ್ಸಿಗೆ ಕೊಯ್ದರೆ ರಕ್ತ ನಿಲ್ಲೋದು ಕಷ್ಟ, ನಂಜಾಗ್ತೈತೆ, ಎಷ್ಟೋ ಜನ ಏಳೋದೇ ಇಲ್ಲ ಅಂತ."

ಯರ್ರಮ್ಮನ ಕೈ ನಿಂತಿತು.

"ಯಾರಿಗೆ ಹೇಳಿದ್ರು?"

ನಾಗೇಂದ್ರಪ್ಪ ನೀರಿನ ಚೆಂಬು ಕೆಳಗಿಟ್ಟ.

*

ಯರ್ರಮ್ಮನ ಗಂಡ ದೊಡ್ಡಪಾಲಯ್ಯ ಕುರಿ ಕಾಯ್ದು ಬದುಕಿದವನು. ಚಳ್ಳಕೆರೆ ಸಂತೆಯಲ್ಲಿ ಹಲ್ಲು ನೋಡದೆ, ಬೆನ್ನು ಸವರದೆ ಒಂದು ಮರಿಯನ್ನೂ ಕೊಂಡವನಲ್ಲ. ಇನ್ನೊಬ್ಬರು ಆರಿಸಿ ಕೊಟ್ಟದ್ದು ಅವನಿಗೆ ಒಗ್ಗುತ್ತಿರಲಿಲ್ಲ.

ಪ್ಲೇಗು ಬಂದುಹೋದ ಮರುವರ್ಷ ಅವನಿಗೆ ಮೂತ್ರ ಕಟ್ಟಿತು. ಗಾಡಿಯಲ್ಲಿ ನರಳುತ್ತಲೇ ಆಸ್ಪತ್ರೆ ಸೇರಿದ. ಅಲ್ಲಿ ರಬ್ಬರಿನ ನಳಿಗೆ ಹಾಕಿ ಮೂತ್ರ ತೆಗೆದಾಗ ಮಗುವಿನ ಹಾಗೆ ನಕ್ಕುಬಿಟ್ಟ. ಒಳಗೆ ಗಡ್ಡೆ ಬೆಳೆದಿದೆ ಎಂದು ಡಾಕ್ಟರು ಬಹಳ ಹೊತ್ತು ವಿವರಿಸಿದರು. ಕಾಂಪೌಂಡರು ನಾಗೇಂದ್ರಪ್ಪನನ್ನು ಹೊರಗೆ ಕರೆದು ಅದನ್ನೆಲ್ಲ ತೆಲುಗಿನಲ್ಲಿ ತಿಳಿಸಿದ. ನಾಗೇಂದ್ರಪ್ಪ ಅಣ್ಣನಿಗೆ ಹೇಳಿದ್ದು ಮಾತ್ರ ಇಷ್ಟೇ: ಗಡ್ಡೆ ತೆಗೆದರೆ ಆಯಿತು.

"ಬದುಕ್ತೀನೇನೇ?" ಎಂದು ದೊಡ್ಡಪಾಲಯ್ಯ ಹೆಂಡತಿಯನ್ನು ಕೇಳಿದ್ದ.

"ನಾಗೇಂದ್ರ ಸುಳ್ಳು ಹೇಳ್ತಾನಾ? ಸುಮ್ನೆ ಹೋಗ್ಬಾ," ಎಂದಿದ್ದಳು.

ಅವನು ಕೊಯ್ಯಿಸಿಕೊಳ್ಳಲು ಹೋದ. ಜ್ವರದಲ್ಲಿ ಬೇಯುತ್ತ ಮನೆಗೆ ಬಂದು, ಎದ್ದು ಕೂರದೆಯೇ ಸತ್ತ.

*

ಹೆಣ ಎತ್ತುವ ಮೊದಲು ಅವಳು ಮೈದುನನ ಬಾಯಿಂದ ಉಳಿದದ್ದನ್ನೂ ಹೊರಡಿಸಿದಳು. ಕೊಯ್ಯದೆಯೂ ಇರಬಹುದೆಂದು ಡಾಕ್ಟರು ಹೇಳಿದ್ದರಂತೆ. ನಳಿಗೆ ಹಾಕಿಕೊಳ್ಳುವುದನ್ನು ರೋಗಿಗೇ ಕಲಿಸುತ್ತಾರಂತೆ. ಹಾಗೆ ಕೆಲವು ವರ್ಷ ಕಳೆದವರೂ ಇದ್ದರಂತೆ.

"ಹಟ್ಟಿ ಮುಂದೆ ನಳಿಗೆ ಹಿಡ್ಕೊಂಡು ಕೂತ್ರೆ ಜನ ಏನಂತಾರೆ ಅನ್ನಿಸ್ತು, ಅತ್ತಿಗೆ. ಹೇಳಿದ್ರೆ ಅಣ್ಣ ಹೆದರ್ತಾನೆ ಅಂತ…"

"ಹೆದರ್ಲಿ ಬಿಡ್ಲಿ, ಜೀವ ಆತಂದು," ಎಂದಳು ಯರ್ರಮ್ಮ. "ನನ್ನ ಬಾಯಲ್ಲೂ ಸುಳ್ಳು ಆಡಿಸಿದೆಯಲ್ಲೋ."

ಹೆಂಗಸರು ಗುಂಡಿಯವರೆಗೆ ಬರುವುದಿಲ್ಲ ಎಂದು ಹಿರಿಯರು ತಡೆದರು. ಅವಳು ಅವರನ್ನು ಸರಿಸಿಕೊಂಡು ನಡೆದಳು. ಹೆಣ ಇಳಿಸಿದರು. ಗಂಡುಮಕ್ಕಳಿಲ್ಲದ್ದರಿಂದ ಮೊದಲ ಮಣ್ಣು ತಮ್ಮನೇ ಹಾಕಬೇಕು. ನಾಗೇಂದ್ರಪ್ಪ ಬಗ್ಗಿ ಹಿಡಿ ತುಂಬಿಕೊಂಡ.

"ಆತನ್ನ ಕೇಳು," ಎಂದಳು ಯರ್ರಮ್ಮ. "ಈ ಸಲನಾದ್ರೂ ಕೇಳಿ ಹಾಕು."

ಗುದ್ದಲಿ ಹಿಡಿದವರು ಕಾದರು. ನಾಗೇಂದ್ರಪ್ಪ ಗುಂಡಿಯ ಅಂಚಿನಲ್ಲಿ ಬಾಯಿ ತೆರೆದು ನಿಂತೇ ಇದ್ದ. ಹಿಡಿಯ ಮಣ್ಣು ಬೆರಳ ಸಂದಿಯಿಂದ ಸೋರಿ ಅವನ ಪಾದದ ಮೇಲೇ ಬೀಳುತ್ತಿತ್ತು.