ಕೊನೆಯ ಪಾಠದ ತಪ್ಪು

ನನ್ನ ಅಕ್ಕ ತಪ್ಪು ಮಾಡುವುದಕ್ಕೆ ಹೆಸರಾದ ಗಣಿತದ ಟೀಚರು. ಮಕ್ಕಳು ಅವಳನ್ನು ಎದುರಿಗೇ ‘ತಪ್ಪು ಟೀಚರ್’ ಎಂದು ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಪ್ರತಿ ಪಾಠದಲ್ಲೂ ಬೋರ್ಡಿನ ಮೇಲೆ ಎಲ್ಲೋ ಒಂದು ಕಡೆ ಬೇಕೆಂತಲೇ ಒಂದು ತಪ್ಪು ಬರೆಯುವುದು ಅವಳ ಪದ್ಧತಿ. ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ ಐದನೇ ಎರಡು ಎಂದು ಬರೆದು, ಏನೂ ಆಗಿಲ್ಲವೆಂಬಂತೆ ಮುಂದಕ್ಕೆ ಹೋಗಿಬಿಡುವಳು. ಕಂಡುಹಿಡಿದ ಮಗು ಎದ್ದು ನಿಂತು “ಟೀಚರ್, ಸಿಕ್ತು” ಎನ್ನಬೇಕು. ಬೋರ್ಡಿನ ಹತ್ತಿರ ಬಂದು ಅದು ಯಾಕೆ ತಪ್ಪು ಎಂದು ಎಲ್ಲರಿಗೂ ಬಿಡಿಸಿ ಹೇಳಬೇಕು. ಹೇಳಿದ್ದು ಸರಿಯಾಗಿದ್ದರೆ ಅಕ್ಕ ಆ ಮಗುವಿನ ಮುಂದೆ ತಲೆ ಬಗ್ಗಿಸಿ “ಒಪ್ಪಿಕೊಂಡೆ” ಎನ್ನುವಳು.

ಆ ತಲೆ ಬಗ್ಗಿಸುವುದರಲ್ಲಿ ನಾಟಕ ಇರುತ್ತಿರಲಿಲ್ಲ. ದೊಡ್ಡವರೊಬ್ಬರು ತಮ್ಮ ಮುಂದೆ ಸೋತೆ ಎನ್ನುವುದನ್ನು ಆ ಮಕ್ಕಳು ಮನೆಯಲ್ಲೂ ಕಂಡಿರಲಿಲ್ಲ, ಬೀದಿಯಲ್ಲೂ ಕಂಡಿರಲಿಲ್ಲ. ಅದಕ್ಕಾಗಿ ಅವರು ಕಣ್ಣಲ್ಲಿ ಕಣ್ಣಿಟ್ಟು ಬೋರ್ಡು ನೋಡುತ್ತಿದ್ದರು. ತಪ್ಪು ಹುಡುಕುವ ಭರದಲ್ಲಿ ಸರಿಯಾದದ್ದೆಲ್ಲ ತಲೆಗೆ ಹತ್ತುತ್ತಿತ್ತು. ನಾನೂ ಅವಳ ತರಗತಿಯಲ್ಲೇ ಓದಿದವಳು, ಆದರೆ ಗಣಿತಕ್ಕೂ ನನಗೂ ಎಣ್ಣೆ ಸೀಗೆಕಾಯಿ. ಒಂದು ದಿನವೂ ಎದ್ದು ನಿಂತು ಸಿಕ್ಕಿತೆಂದವಳಲ್ಲ. ಅಕ್ಕನ ತಪ್ಪು ಸಿಗದ ಒಬ್ಬಳೇ ಒಬ್ಬಳು ತಂಗಿ ಎಂದು ಭಾವ ಇವತ್ತಿಗೂ ಆಡಿಕೊಳ್ಳುತ್ತಾರೆ.

ನನ್ನ ಕಸುಬು ಬೇರೆ. ಮದುವೆ ವೀಡಿಯೊಗಳಿಂದ ಮುಖ ಊದಿಸಿಕೊಂಡ ಅತ್ತೆಯರನ್ನೂ ಊಟದ ಮನೆಯಲ್ಲಿ ಜಗಳಕ್ಕೆ ನಿಂತ ಷಡ್ಡಕರನ್ನೂ ಕತ್ತರಿಸಿ ಬಿಸಾಕುವುದು ನನ್ನ ಕೆಲಸವಾಗಿತ್ತು. ಹೀಗಾಗಿ ಎಲ್ಲರ ಬಾಯಲ್ಲೂ ನಾನು ‘ಕತ್ತರಿ’. ನನ್ನ ನಾಲಗೆಯನ್ನು ನೋಡಿ ಆ ಹೆಸರಿಟ್ಟರು ಎನ್ನುವವರೂ ಇದ್ದಾರೆ. ಅವರ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಆಮೇಲೆ ಶಾಲೆಯ ಆಡಳಿತಕ್ಕೆ ಹೊಸ ಹುಚ್ಚು ಹಿಡಿಯಿತು. ಶಾಲೆಗೆ ಅಲ್ಲಲ್ಲಿ ಶಾಖೆಗಳಿದ್ದವು. ಪ್ರತಿ ಶಾಖೆಗೂ ಒಬ್ಬೊಬ್ಬ ಗಣಿತದ ಟೀಚರು ಯಾಕೆ, ಒಬ್ಬರು ಪಾಠ ಮಾಡಿದ್ದನ್ನು ವೀಡಿಯೊ ಮಾಡಿ ಎಲ್ಲ ಕಡೆ ದೊಡ್ಡ ಪರದೆಯ ಮೇಲೆ ತೋರಿಸಿದರಾಯಿತು ಎಂದು ತೀರ್ಮಾನಿಸಿದರು. ಆ ಒಬ್ಬರು ಅಕ್ಕನಾದಳು. ಉಳಿದವರಿಗೆಲ್ಲ ಹಾರ ಹಾಕಿ ಕಳಿಸಿದರು. ನನ್ನನ್ನು ವೀಡಿಯೊ ಕೆಲಸಕ್ಕೆ ತೆಗೆದುಕೊಂಡರು. ಹಳೆಯ ಪ್ರಯೋಗಶಾಲೆಯ ಕಿಟಕಿಗಳಿಗೆ ಕಪ್ಪು ಬಟ್ಟೆ ಹೊಡೆದು, ಬಾಗಿಲಿಗೆ ಹಳೇ ಕಂಬಳಿ ತೂಗುಹಾಕಿ, ಒಂದು ಬೋರ್ಡು, ಎರಡು ದೀಪ, ಒಂದು ಕ್ಯಾಮೆರಾ ಇಟ್ಟು ಅದಕ್ಕೆ ಸ್ಟುಡಿಯೋ ಎಂದು ಹೆಸರಿಟ್ಟರು.

ಮೊದಲ ವೀಡಿಯೊದಲ್ಲೇ ನಾನು ಎಡವಿದೆ. ಅಕ್ಕ ಬೇಕೆಂತಲೇ ಬರೆದ ತಪ್ಪು ಪುಸ್ತಕದ ಜೊತೆ ತಾಳೆ ನೋಡುವಾಗ ಸಿಕ್ಕಿತ್ತು, ಕ್ಯಾಮೆರಾ ಮುಂದೆಯೂ ಹಾಗೆ ಮಾಡಲಾರಳೆಂದು ಅದನ್ನು ನಿಜವಾದ ತಪ್ಪೆಂದುಕೊಂಡು ನೀಟಾಗಿ ಕತ್ತರಿಸಿ ತೆಗೆದುಬಿಟ್ಟಿದ್ದೆ. ಎರಡು ದಿನ ಅವಳು ನನ್ನ ಜೊತೆ ಮಾತು ಬಿಟ್ಟಳು. ಮೂರನೇ ದಿನ ತಟ್ಟೆ ಮುಂದೆ ಕೂತಾಗ ಒಂದು ಗುರುತು ಗೊತ್ತುಮಾಡಿದಳು.

“ನೋಡು, ನಾನು ಕನ್ನಡಕ ತೆಗೆದು ಒರೆಸಿದೆ ಅಂದ್ರೆ ಮುಂದಿನ ಸಾಲು ಬೇಕಂತ ಮಾಡೋ ತಪ್ಪು. ಅದನ್ನ ಮುಟ್ಟಬೇಡ. ಕನ್ನಡಕ ಒರೆಸದೆ ತಪ್ಪು ಮಾಡಿದ್ರೆ ಅದು ನಿಜವಾದದ್ದು. ಅದನ್ನ ಬಿಡಬೇಡ.”

“ನೀನು ನಿಜವಾದ ತಪ್ಪು ಮಾಡೋದನ್ನ ನೋಡೋಕೆ ನಾನು ಇನ್ನೊಂದು ಜನ್ಮ ಎತ್ತಬೇಕು,” ಎಂದೆ.

ಪಾಠ ಶಾಖೆಗಳಿಗೆ ಹೋದ ಮೇಲೆ ಮಕ್ಕಳು ಅಕ್ಕನ ಫೋನಿಗೆ ಧ್ವನಿ ಕಳಿಸುತ್ತಿದ್ದರು. ಅಕ್ಕ ಊಟ ಮಾಡುತ್ತಾ ಒಂದೊಂದನ್ನೇ ಕೇಳುವಳು. “ಟೀಚರ್, ಸಿಕ್ತು.” “ಸಿಕ್ತು ಟೀಚರ್, ಛೇದ ಕೂಡಿಸ್ಬಾರದು.” ಅವಳು ಫೋನಿನ ಕಡೆಗೇ ತಲೆ ಬಗ್ಗಿಸುವಳು. ಒಂದು ದೂರದ ಶಾಖೆಯಿಂದ ಬರುತ್ತಿದ್ದ ಧ್ವನಿಯಲ್ಲಿ ಮೊದಮೊದಲು ಬರೀ ಕೆಮ್ಮಿರುತ್ತಿತ್ತು. ಯಾವುದೋ ಹುಡುಗಿ ಗಂಟಲು ಸರಿಮಾಡಿಕೊಳ್ಳುವಳು, ಸುಮ್ಮನಾಗುವಳು, ಅಷ್ಟೇ. ಅಲ್ಲಿನ ಹೆಡ್‌ಮಾಸ್ಟರನ್ನು ಕೇಳಿದರೆ, ಅವಳು ತರಗತಿಯಲ್ಲಿ ಬಾಯಿ ಬಿಟ್ಟಿದ್ದನ್ನು ಯಾರೂ ಕಂಡಿಲ್ಲ ಎಂದರು. ಅಕ್ಕ ಪ್ರತಿ ಕೆಮ್ಮಿಗೂ ಉತ್ತರ ಕಳಿಸಿದಳು. “ಕೆಮ್ಮಿನ ಮೇಡಂ, ನಿಮಗೆ ಸಿಕ್ಕಿದೆ ಅಂತ ನನಗೆ ಗೊತ್ತು. ನಿಧಾನ ಹೇಳಿ, ನನಗೇನೂ ಅರ್ಜೆಂಟಿಲ್ಲ.” ಒಂದು ದಿನ ಕೆಮ್ಮಿನ ಹಿಂದೆಯೇ ಗುಬ್ಬಿಯಷ್ಟು ಸಣ್ಣ ದನಿಯಲ್ಲಿ “ಸಿಕ್ತು” ಬಂತು. ಅಕ್ಕ ಕೈ ತೊಳೆಯುವುದನ್ನೂ ಮರೆತು ಅದನ್ನು ಮತ್ತೆ ಮತ್ತೆ ಹಾಕಿ ಕೇಳಿದಳು. ಭಾವನಿಗೂ ಕೇಳಿಸಿದಳು, ಪಕ್ಕದ ಮನೆಯವರಿಗೂ ಕೇಳಿಸಿದಳು.

ಕನ್ನಡಕ ಒರೆಸದೆ ಮಾಡಿದ ಮೊದಲ ತಪ್ಪು ಏಳೆಂಟ್ಲಿ ಐವತ್ತನಾಲ್ಕು.

ನಾನು ನಕ್ಕೆ. “ಅಕ್ಕ, ಇದು ನನಗೂ ಗೊತ್ತು. ಐವತ್ತಾರು.” ಅವಳೂ ನಕ್ಕಳು, ಇನ್ನೊಮ್ಮೆ ಬರೆದಳು. ನಾನು ಕತ್ತರಿಸಿದೆ. ಮುಂದಿನ ವಾರ ಅದೇ ಸಾಲನ್ನು ಎರಡು ಸಲ ಹೇಳಿದಳು. ಅದರ ಮುಂದಿನ ವಾರ ಮಾತಿನ ಮಧ್ಯೆ ನಿಂತು, ಕ್ಯಾಮೆರಾದ ಕಡೆ ನೋಡಿ, “ಇದಾದ್ಮೇಲೆ ಏನಿತ್ತು?” ಎಂದು ಕೇಳಿದಳು. ಕೇಳಿದ್ದು ನನ್ನನ್ನಲ್ಲ, ಅಲ್ಲಿಲ್ಲದ ಮಕ್ಕಳನ್ನು.

ಡಾಕ್ಟರು ಬಹಳ ಮೆಲ್ಲಗೆ ಮಾತಾಡಿದರು. ಇದು ಮರೆವಿನ ಕಾಯಿಲೆ, ಔಷಧಿಯಿಂದ ಸ್ವಲ್ಪ ತಡೆಯಬಹುದೇ ಹೊರತು ವಾಸಿಯಾಗುವುದಿಲ್ಲ ಎಂದರು. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

“ಪರೀಕ್ಷೆವರೆಗೂ ಎಳೀಬಹುದಾ?”

ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಆ ವರ್ಷದ ಪಾಠಗಳು ಇನ್ನೂ ಮುಗಿದಿರಲಿಲ್ಲ, ಶಾಖೆಗಳಲ್ಲಿ ಬೇರೆ ಗಣಿತದ ಟೀಚರು ಯಾರೂ ಉಳಿದಿರಲಿಲ್ಲ.

ಮನೆಯಲ್ಲಿ ಭಾವ ತಮ್ಮದೇ ದಾರಿ ಹುಡುಕಿಕೊಂಡರು. ಬಸ್ ಕಂಡಕ್ಟರಾಗಿದ್ದವರು. ಅಕ್ಕ ಹಜಾರದ ನಡುವೆ ಎತ್ತ ಹೋಗುವುದೆಂದು ತಿಳಿಯದೆ ನಿಂತಾಗ, “ಅಡುಗೆಮನೆ, ಅಡುಗೆಮನೆ, ಇಳಿಯೋರಿದ್ರೆ ಇಳೀರಿ” ಎಂದು ಕೂಗುವರು. ಅವಳು ನಗುತ್ತಾ ಅತ್ತ ತಿರುಗುವಳು. ಅವಳು ನಗುವಾಗ ಅವರೂ ನಗುತ್ತಿದ್ದರು. ಆಮೇಲೆ ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆಗಳನ್ನೇ ಮತ್ತೆ ಕೊಡವಿ ಹಾಕುತ್ತಾ ಸುಮಾರು ಹೊತ್ತು ಅಲ್ಲೇ ಇರುತ್ತಿದ್ದರು.

ಶಾಲೆಯ ಮ್ಯಾನೇಜರಿಗೆ ವಿಷಯ ತಿಳಿಯದೆ ಇರಲಿಲ್ಲ. ಹಣ್ಣಿನ ಬುಟ್ಟಿ ಹಿಡಿದು ಮನೆಗೇ ಬಂದರು. ಕೆಟ್ಟ ಮನುಷ್ಯನೇನಲ್ಲ, ಎಲ್ಲವೂ ಸಲೀಸಾಗಿ ನಡೆಯಬೇಕು ಎನ್ನುವ ಜಾತಿ. ಅಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಕಷ್ಟ, ನಾನು ಮಾತ್ರ ಕಷ್ಟಪಟ್ಟಾದರೂ ಮಾಡಿಕೊಂಡೆ.

“ಮೇಡಂ, ನೀವು ಆರಾಮ ತಗೊಳ್ಳಿ. ನಿಮ್ಮ ಮುಖ, ನಿಮ್ಮ ಧ್ವನಿ ಎಲ್ಲಾ ನಮ್ಮ ಹತ್ರ ಇದೆ. ಉಳಿದ ಪಾಠ ಕಂಪ್ಯೂಟರೇ ಹೇಳುತ್ತೆ, ನೀವೇ ಹೇಳಿದ ಹಾಗಿರುತ್ತೆ. ಒಂದೂ ತಪ್ಪಿರಲ್ಲ.”

ಟ್ಯಾಬ್ಲೆಟ್ಟಿನಲ್ಲಿ ಮಾದರಿ ತೋರಿಸಿದರು. ಅದರಲ್ಲಿ ಅಕ್ಕ ಇದ್ದಳು. ಅಕ್ಕನ ಕನ್ನಡಕ, ಅಕ್ಕನ ಗಂಟಲು, ಅಕ್ಕ ಎಂದೂ ಹೇಳದ ಪಾಠ. ನನಗೆ ನೋಡಲಾಗಲಿಲ್ಲ. ಅಕ್ಕ ಮಾತ್ರ ಹೊಸ ಟೀಚರಿನ ಪಾಠಕ್ಕೆ ಹಿಂದಿನ ಬೆಂಚಿನಲ್ಲಿ ಕೂತ ಹಿರಿಯಳಂತೆ ಕೊನೆಯವರೆಗೂ ನೋಡಿದಳು.

“ಚೆನ್ನಾಗಿ ಹೇಳ್ತಾಳೆ,” ಎಂದಳು. “ಆದ್ರೆ ಇವಳ ಪಾಠದಲ್ಲಿ ಮಕ್ಕಳಿಗೇನು ಕೆಲಸ? ಇವಳ ಮುಂದೆ ಯಾರೂ ಎದ್ದು ನಿಲ್ಲಲ್ಲ. ಉಳಿದದ್ದನ್ನ ನಾನೇ ಮುಗಿಸ್ತೀನಿ.”

ಪರೀಕ್ಷೆಗೆ ಓದುವ ರಜೆ ಶುರುವಾಗುವ ತನಕ ಸಮಯ ಕೊಟ್ಟು ಮ್ಯಾನೇಜರು ಎದ್ದುಹೋದರು. ಅಷ್ಟರೊಳಗೆ ಮುಗಿಯದಿದ್ದರೆ ಟ್ಯಾಬ್ಲೆಟ್ಟಿನ ಅಕ್ಕ ಮುಗಿಸುತ್ತಾಳೆ.

ಅಲ್ಲಿಂದಾಚೆ ನಾವು ಅಕ್ಕನ ತಲೆ ತಿಳಿಯಾಗಿರುವ ಹೊತ್ತನ್ನು ಕಾಯತೊಡಗಿದೆವು. ಬೆಳಗಿನ ಹೊತ್ತು ಚೆನ್ನಾಗಿರುತ್ತಿತ್ತು. ಭಾವ ಆಟೋದಲ್ಲಿ ಕರೆತಂದು ಸ್ಟುಡಿಯೋ ಬಾಗಿಲಲ್ಲಿ “ಶಾಲೆ, ಶಾಲೆ” ಎಂದು ಇಳಿಸುವರು. ಅಕ್ಕ ಒಂದು ಸಾಲು ಹೇಳುವಳು, ನಿಲ್ಲುವಳು. ನಾನು ಅವಳ ಟಿಪ್ಪಣಿ ನೋಡಿ ಮುಂದಿನ ಸಾಲು ನೆನಪಿಸುವೆ. ಅವಳು ಅದನ್ನು ಹೇಳುವಳು. ಮದುವೆ ಮನೆಗಳಲ್ಲಿ ಕಲಿತ ವಿದ್ಯೆಯನ್ನೆಲ್ಲ ಸುರಿದು ಆ ತುಂಡುಗಳನ್ನು ಜೋಡಿಸಿದೆ. ಅವಳು ತಡವರಿಸಿದ್ದು, ಸುಮ್ಮನೆ ನಿಂತದ್ದು, ಒಮ್ಮೆ ಸೀಮೆಸುಣ್ಣವನ್ನೇ ಹಿಡಿದುಕೊಂಡು ಸೀಮೆಸುಣ್ಣ ಹುಡುಕಿದ್ದು, ಎಲ್ಲವೂ ನನ್ನ ಕಂಪ್ಯೂಟರಿನ ಒಂದು ಮೂಲೆಯಲ್ಲಿ ಗುಡ್ಡೆಯಾಗಿ ಬಿದ್ದವು. ಆದರೂ ಪ್ರತಿ ಪಾಠದಲ್ಲೂ ಅವಳು ಕನ್ನಡಕ ಒರೆಸಿದಳು, ಪ್ರತಿ ಪಾಠದಲ್ಲೂ ಅದರ ಮುಂದಿನ ಸಾಲಿನಲ್ಲಿ ಅವಳ ಮುದ್ದಾದ ತಪ್ಪಿತ್ತು. ಅದೊಂದು ಇರುವ ತನಕ ಅಕ್ಕ ಇದ್ದಾಳೆ ಎಂದು ನಾನು ನಂಬಿಕೊಂಡಿದ್ದೆ.

ಕೊನೆಗೆ ವೃತ್ತದ ಪಾಠವೊಂದು ಉಳಿಯಿತು. ಅದರ ಹಿಂದಿನ ಸಂಜೆ ಅಕ್ಕ ಬಹಳ ಖುಷಿಯಲ್ಲಿದ್ದಳು.

“ಕೊನೇ ತಪ್ಪು ಚೆನ್ನಾಗಿರ್ಬೇಕು ಕಣೇ. ವ್ಯಾಸ ಹದಿನಾಲ್ಕು ಅಂತ ಕೊಡ್ತೀನಿ. ವಿಸ್ತೀರ್ಣಕ್ಕೆ ತ್ರಿಜ್ಯ ಬೇಕು ಅಂದ್ರೆ ಅದನ್ನ ಅರ್ಧ ಮಾಡ್ಬೇಕಲ್ವಾ? ಬೇಕಂತಲೇ ಮಾಡಲ್ಲ. ಹದಿನಾಲ್ಕನ್ನೇ ಹಾಕಿ ಲೆಕ್ಕ ಮುಗಿಸಿಬಿಡ್ತೀನಿ. ದೊಡ್ಡದೊಡ್ಡ ಜಾಣರೂ ಬೀಳ್ತಾರೆ ಇದರಲ್ಲಿ.”

“ನಾನಂತೂ ಆಗಲೇ ಬಿದ್ದೆ,” ಎಂದೆ.

ಮರುದಿನ ಅವಳು ಹಿಂದೆಂದಿಗಿಂತ ಚೆನ್ನಾಗಿ ಪಾಠ ಮಾಡಿದಳು. ನಾನು ಒಂದೆರಡು ಕಡೆ ಬಿಟ್ಟರೆ ನೆನಪಿಸಬೇಕಾಗಲೂ ಇಲ್ಲ. ವ್ಯಾಸ ಹದಿನಾಲ್ಕು ಎಂದು ಬರೆದಳು. ಕ್ಯಾಮೆರಾದತ್ತ ತಿರುಗಿ, ಕನ್ನಡಕ ತೆಗೆದು, ನಿಧಾನವಾಗಿ ಒರೆಸಿ ಹಾಕಿಕೊಂಡಳು. ಬೋರ್ಡಿಗೆ ತಿರುಗಿ ಬರೆದಳು. ಏಳನೇ ಇಪ್ಪತ್ತೆರಡು ಗುಣಿಸು ಏಳು ಗುಣಿಸು ಏಳು.

ಅರ್ಧ ಮಾಡಿಬಿಟ್ಟಿದ್ದಳು. ಅಷ್ಟು ವರ್ಷ ಸರಿಯಾಗಿ ಮಾಡಿದ ಕೈ ತಾನಾಗಿ ಸರಿಯಾದದ್ದನ್ನೇ ಬರೆದಿತ್ತು. ಬೇಕೆಂದು ತಪ್ಪುವುದಕ್ಕೆ ಬೇಕಾದ ಆ ಇನ್ನೊಬ್ಬ ಅಕ್ಕ ಮಾತ್ರ ಅಲ್ಲಿರಲಿಲ್ಲ. ನೂರ ಐವತ್ತನಾಲ್ಕು ಎಂದು ಉತ್ತರಕ್ಕೆ ಗೆರೆ ಎಳೆದು, ಕ್ಯಾಮೆರಾಕ್ಕೆ ಹುಬ್ಬು ಹಾರಿಸಿ, “ಹುಡುಕಿ ನೋಡೋಣ” ಎಂದಳು.

“ಅಕ್ಕ, ತಪ್ಪು?” ಎಂದೆ.

“ಮಾಡಿದ್ದೀನಲ್ಲೇ. ನಿನಗೆ ಯಾವತ್ತು ಸಿಕ್ಕಿದೆ ಇವತ್ತು ಸಿಗೋಕೆ,” ಎಂದು ನಕ್ಕು, ಕೈಗೆ ಹತ್ತಿದ ಸುಣ್ಣ ಒರೆಸಿಕೊಂಡಳು.

ನಾನು ಕ್ಯಾಮೆರಾ ಆರಿಸಿದೆ. ಇನ್ನೊಮ್ಮೆ ಮಾಡಿಸಬಹುದಿತ್ತು. ಆದರೆ ಆ ನಗುವಿನ ಮುಂದೆ, ನೀನು ಮಾಡಿಲ್ಲ ಅಕ್ಕ, ಮರೆತೆ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಭಾವ ಬಂದು ಅಕ್ಕನನ್ನು ಕರೆದುಕೊಂಡು ಹೋದ ಮೇಲೆ ಕಂಪ್ಯೂಟರಿನ ಮುಂದೆ ಕೂತೆ. ಮೂಲೆಯ ಗುಡ್ಡೆಯಲ್ಲಿ ಅವಳ ನಿಜವಾದ ತಪ್ಪುಗಳು ಬೇಕಾದಷ್ಟಿದ್ದವು. ಏಳರ ಮಗ್ಗಿಯ ಒಂದು ತಪ್ಪನ್ನು ತಂದು ಕನ್ನಡಕದ ನಂತರ ಜೋಡಿಸಿದೆ. ಹೊಲಿಗೆ ಕಾಣಲೇ ಇಲ್ಲ. ಯಾವ ಮಗುವಿಗೂ ಗೊತ್ತಾಗುತ್ತಿರಲಿಲ್ಲ. ಒಮ್ಮೆ ಹಾಕಿ ನೋಡಿದೆ. ಅವಳು ಮಾಡದ್ದನ್ನು ಅವಳ ಮುಖದಿಂದ ಮಾಡಿಸುವುದಾದರೆ ಮ್ಯಾನೇಜರಿನ ಟ್ಯಾಬ್ಲೆಟ್ಟೇ ಸಾಕಿತ್ತು, ಇಷ್ಟು ದಿನ ನಾವು ಒದ್ದಾಡಿದ್ದು ಯಾಕೆ? ತೆಗೆದುಹಾಕಿದೆ. ಅಕ್ಕ ಮಾಡಿದ ಹಾಗೆಯೇ ಪಾಠ ಹೋಯಿತು.

ಎರಡು ದಿನ ಬಿಟ್ಟು ಮ್ಯಾನೇಜರು ಫೋನ್ ಮಾಡಿದರು. “ಅಭಿನಂದನೆಗಳು ಮೇಡಂ. ಈ ಸಲ ನಮ್ಮವರು ಪರೀಕ್ಷಿಸಿ ನೋಡಿದ್ರು, ಒಂದೂ ತಪ್ಪಿಲ್ಲ.” ಅಕ್ಕ ಫೋನ್ ಇಟ್ಟು, “ಪಾಪ, ಅವರಿಗೂ ಸಿಗಲಿಲ್ಲ,” ಎಂದಳು.

ಮಧ್ಯಾಹ್ನದ ಊಟಕ್ಕೆ ಕೂತಾಗ ಮಕ್ಕಳ ಧ್ವನಿಗಳನ್ನು ಹಾಕಲು ಹೇಳಿದಳು. ನಾನು ಫೋನು ಕೆಟ್ಟಿದೆ ಎಂದೆ. ಅವಳು ಕೈ ಚಾಚಿ ತಾನೇ ಹಾಕಿಕೊಂಡಳು. ಇಂಥದ್ದೆಲ್ಲ ಅವಳಿಗೆ ಮರೆತುಹೋಗಿರಲಿಲ್ಲ.

“ಟೀಚರ್, ಈ ಸಲ ಸಿಗ್ಲಿಲ್ಲ.” “ಟೀಚರ್, ತುಂಬಾ ಕಷ್ಟ ಇದೆ, ಒಂದು ಸುಳಿವು ಕೊಡಿ.” “ಅಪ್ಪನಿಗೂ ತೋರಿಸ್ದೆ ಟೀಚರ್, ಅವರಿಗೂ ಸಿಗ್ಲಿಲ್ಲ.” ಒಂದೊಂದಕ್ಕೂ ಅಕ್ಕ ಮಗುವಿನಂತೆ ಹಿಗ್ಗಿದಳು. ಭಾವನಿಗೆ ನಾನು ಆಗಲೇ ಎಲ್ಲ ಹೇಳಿದ್ದೆ. ಭಾವ ತಟ್ಟೆಯಿಂದ ಕಣ್ಣೆತ್ತಲಿಲ್ಲ.

ಆಮೇಲೆ ಕೆಮ್ಮು ಬಂತು. ಅಕ್ಕ ಮುಂದಕ್ಕೆ ಬಾಗಿದಳು. ಗಂಟಲು ಸರಿಮಾಡಿಕೊಂಡ ಸಣ್ಣ ದನಿ, ಈಗ ಅಷ್ಟೇನೂ ಸಣ್ಣದಲ್ಲದ ದನಿ, ನಿಧಾನವಾಗಿ ಮಾತಾಡಿತು.

“ಟೀಚರ್, ನಾನು ಪ್ರತಿ ಸಾಲೂ ಬರೆದು ಬರೆದು ನೋಡ್ದೆ. ನೀವು ಕನ್ನಡಕ ಒರೆಸಿದ್ರಿ. ಒರೆಸಿದ್ಮೇಲೆ ಯಾವಾಗ್ಲೂ ತಪ್ಪಿರುತ್ತೆ. ನಾನು ಯಾರಿಗೂ ಹೇಳಿಲ್ಲ ಅದನ್ನ. ಆದ್ರೆ ಈ ಸಲ ಎಲ್ಲಾ ಸರಿ ಇದೆ.” ಮತ್ತೊಂದು ಕೆಮ್ಮು. “ನಿಮಗೆ ಹುಷಾರಿಲ್ವಾ ಟೀಚರ್?”

ಅಕ್ಕನ ಮುಖದ ನಗು ಹಾಗೇ ಸ್ವಲ್ಪ ಹೊತ್ತು ಇತ್ತು, ಮತ್ತೆ ಇರಲಿಲ್ಲ. ನನ್ನನ್ನು ನೋಡಿದಳು. ನಾನು ಮುಖ ತಿರುಗಿಸಬೇಕಿತ್ತು, ಆಗಲಿಲ್ಲ. ನನ್ನ ಕಣ್ಣಲ್ಲಿ ಅವಳಿಗೆ ಬೇಕಾದದ್ದು ಸಿಕ್ಕಿರಬೇಕು.

“ಅರ್ಧ ಮಾಡಿಬಿಟ್ನಾ?” ಎಂದು ಕೇಳಿದಳು.

ಹೌದೆಂದು ತಲೆಯಾಡಿಸಿದೆ. ಅಳು ತಡೆಯಲಾಗಲಿಲ್ಲ, ಅತ್ತುಬಿಟ್ಟೆ.

ಅಕ್ಕ ಅಳಲಿಲ್ಲ. ಮೇಜು ಹಿಡಿದುಕೊಂಡು ಎದ್ದಳು. ಎಲ್ಲಿಗೋ ಹೊರಟಳೆಂದು ಭಾವ ಎಂದಿನಂತೆ ಕೂಗಲು ಬಾಯಿ ತೆರೆದರು. ಅವಳು ಎಲ್ಲಿಗೂ ಹೊರಟಿರಲಿಲ್ಲ. ಕನ್ನಡಕ ಸರಿಮಾಡಿಕೊಂಡು, ಮೇಜಿನ ಮೇಲೆ ನೀರಿನ ಲೋಟಕ್ಕೆ ಒರಗಿಸಿಟ್ಟ ಫೋನಿನ ಮುಂದೆ ನೆಟ್ಟಗೆ ನಿಂತಳು.

“ನೋಡು, ಅವಳಿಗೆ ಸಿಕ್ತು,” ಎಂದಳು. ಆಮೇಲೆ ಆ ಹುಡುಗಿಗೆ ತಲೆ ಬಗ್ಗಿಸಿ, ತರಗತಿಯಲ್ಲಿ ಹೇಳುತ್ತಿದ್ದಷ್ಟೇ ಸ್ಪಷ್ಟವಾಗಿ, “ಒಪ್ಪಿಕೊಂಡೆ” ಎಂದಳು.